ತರಗತಿಯಲ್ಲಿ ತೂಕಡಿಸುವ ಹುಡುಗಿ



ಸುಜಯ್ ಘೋಷ್ ನಿರ್ದೇಶನದ 'ಕಹಾನಿ 2' ಎಂಬ ಹಿಂದಿ ಚಿತ್ರ ತೆರೆಕಂಡದ್ದು 2016ರ ಡಿಸೆಂಬರಿನಲ್ಲಿ. ನಾನು ನೋಡಿದ್ದು ಈಚೆಗೆ, ಮನೆಯಲ್ಲಿ ಕುಳಿತು. ಕೊಲೆ, ಅಪಹರಣ, ಪೊಲೀಸರ ಹುಡುಕಾಟ ಎಲ್ಲವೂ ಇರುವ ಪತ್ತೇದಾರಿ ಚಿತ್ರ. ನನ್ನನ್ನು ಕಲಕಿದ್ದು ಮಾತ್ರ ಬೇರೆಯೇ. ಕಾಲಿಂಪಾಂಗಿನ ಶಾಲೆಯೊಂದರಲ್ಲಿ ಆರು ವರ್ಷದ ಮಿನಿ ತರಗತಿಯಲ್ಲೇ ನಿದ್ದೆ ಹೋಗುತ್ತಾಳೆ, ಶಿಕ್ಷೆಗೆ ಗುರಿಯಾಗುತ್ತಾಳೆ. ಈ ಮಗು ರಾತ್ರಿ ಏಕೆ ಮಲಗುವುದಿಲ್ಲ ಎಂದು ಯೋಚಿಸುವವಳು ಶಾಲೆಯ ಕಚೇರಿಯಲ್ಲಿ ಕೆಲಸ ಮಾಡುವ ದುರ್ಗಾರಾಣಿ ಒಬ್ಬಳೇ. ಅವಳೂ ಬಾಲ್ಯದಲ್ಲಿ ಅದೇ ಹಿಂಸೆ ಉಂಡವಳು.

ಮಗುವಿನ ಮೇಲೆ ದೌರ್ಜನ್ಯ ಎಸಗುವವನು ಮನೆಯವನೇ, ಅಜ್ಜಿಯ ಮಗ. ಅಜ್ಜಿ ಮಗನ ಪಕ್ಷ. ಸೊಸೆ ಸುಟ್ಟು ಸತ್ತಾಗ 'ಸ್ಟವ್ ಸಿಡಿಯಿತು' ಎಂದು ಹೇಳಿಕೆ ಕೊಡುವ ಅತ್ತೆಯರನ್ನು ಕಂಡ ನಮಗೆ ಈ ಅಜ್ಜಿ ಹೊಸಬಳೇನಲ್ಲ.

ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ಹುಡುಗಿಯೊಬ್ಬಳನ್ನು ಒಮ್ಮೆ ಎಲ್ಲರೆದುರು ಎದ್ದು ನಿಲ್ಲಿಸಿದ್ದೆ. 'ರಾತ್ರಿ ಓದ್ತಾ ಇದ್ದೆ ಮೇಡಂ' ಎಂದಳು. ಹುಡುಗರು ನಕ್ಕರು. ನಾನು ಪಾಠ ಮುಂದುವರಿಸಿದೆ. ಮರುವರ್ಷ ಅವಳು ಕಾಲೇಜಿಗೆ ಬರಲಿಲ್ಲ. ಏಕೆಂದು ನಾನು ವಿಚಾರಿಸಲೂ ಇಲ್ಲ.

ಚಿತ್ರದಲ್ಲಿ ದುರ್ಗಾ ಮಗುವನ್ನು ಹೊತ್ತು ಓಡಿಹೋಗುತ್ತಾಳೆ. ಪೊಲೀಸರ ಕಡತದಲ್ಲಿ ಅವಳೇ ಅಪಹರಣದ, ಕೊಲೆಯ ಆರೋಪಿ, ನೋಡುವವರಿಗೆ ವೀರವನಿತೆ. ನನ್ನ ತಕರಾರು ಇರುವುದು ಇಲ್ಲೇ. ಒಬ್ಬಂಟಿ ಹೆಣ್ಣು ಕಾನೂನು ಮುರಿದರಷ್ಟೇ ಮಗು ಉಳಿಯುತ್ತದೆ ಎಂದು ನಾವೂ ನಂಬಿಬಿಟ್ಟರೆ ಠಾಣೆಯವರೂ ಶಾಲೆಯವರೂ ನಿಶ್ಚಿಂತರು. ಪೋಕ್ಸೋ ಕಾಯಿದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಅದರ 19ನೇ ಕಲಮಿನಂತೆ ವಿಷಯ ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು; ಮುಚ್ಚಿಟ್ಟರೆ 6 ತಿಂಗಳವರೆಗೆ ಸಜೆಯಾಗಬಹುದು. ಪೊಲೀಸರು ಸಮವಸ್ತ್ರವಿಲ್ಲದೆ, ಮಗು ಇರುವಲ್ಲಿಗೇ ಹೋಗಿ ಹೇಳಿಕೆ ಬರೆದುಕೊಳ್ಳಬೇಕು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಕೊಡಬೇಕು. 1098ಕ್ಕೆ ಕರೆ ಮಾಡಲು ಕಾಸೂ ಬೇಡ.

ಆದರೆ ಕರೆ ಮಾಡಿದ ರಾತ್ರಿ ಆ ಮಗು ಎಲ್ಲಿ ಮಲಗುತ್ತದೆ? ದೂರು ಕೊಡಲು ಬಂದ ತಾಯಿಗೆ 'ಮನೆ ಮರ್ಯಾದೆ ನೋಡಮ್ಮ' ಎನ್ನುವವರು ಠಾಣೆಯ ಒಳಗೂ ಇದ್ದಾರೆ, ಹೊರಗೂ ಇದ್ದಾರೆ. ಗಂಡನ ಮನೆ ಬಿಟ್ಟರೆ ಅವಳಿಗೆ ಬೇರೆ ಸೂರಿಲ್ಲ.

ಮುಂದಿನ ಸಂಚಿಕೆಗೆ ಶಿಕ್ಷಕಿಯರಿಂದ, ಅಂಗನವಾಡಿ ಕಾರ್ಯಕರ್ತೆಯರಿಂದ ಪತ್ರಗಳು ಬೇಕು. ದೂರು ಕೊಟ್ಟ ಮೇಲೆ ಏನಾಯಿತು, ಮಗು ಈಗ ಯಾರ ಹತ್ತಿರ ಇದೆ, ನಿಮ್ಮ ಜೊತೆ ಯಾರು ನಿಂತರು, ಯಾರು ಜಾರಿಕೊಂಡರು ಎಂದು ಬರೆಯಿರಿ. ಮಗುವಿನ ಹೆಸರು, ಊರು, ಶಾಲೆ ಯಾವುದನ್ನೂ ಬರೆಯಬೇಡಿ.