ಎಣ್ಣೆ ಹಚ್ಚುವುದಕ್ಕೂ ಹೊತ್ತು ಬೇಡವೇ?



ಮಾಗಿಯ ಚಳಿ ಬಂತೆಂದರೆ ಸಾಕು, ಕೈಕಾಲು ಬಿಳಿಚಿಕೊಂಡು ಬಿರಿಯುತ್ತೆ, ಒಡೆದ ಹಿಮ್ಮಡಿಗೆ ಸೀರೆಯ ಅಂಚು ಸಿಕ್ಕಿಕೊಳ್ಳುತ್ತೆ. “ದಿನಾ ಎಣ್ಣೆ ಹಚ್ತೀನಿ ಕಣ್ರೀ, ಆದ್ರೂ ಒರಟು ಹೋಗೋದೇ ಇಲ್ಲ” ಅನ್ನುವವರು ಎಷ್ಟೋ ಮಂದಿ. ಅವರನ್ನು ನಾನು ಕೇಳುವುದು ಒಂದೇ ಮಾತು: ಹಚ್ಚುವುದು ಯಾವಾಗ?

ಎಣ್ಣೆಯಲ್ಲಿ ನೀರಿನ ಅಂಶವಿಲ್ಲ. ಅದು ಚರ್ಮಕ್ಕೆ ತೇವ ಕೊಡಲಾರದು; ಇರುವ ತೇವ ಆರದಂತೆ ಮುಚ್ಚಳವಾಗುತ್ತೆ, ಅಷ್ಟೇ. ಒಣಗಿದ ಮೈಗೆ ಹಚ್ಚಿದರೆ ಬರಿದಾದ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ! ಆದ್ದರಿಂದ ಸ್ನಾನವಾದೊಡನೆ ಟವೆಲಿನಿಂದ ಮೆಲ್ಲಗೆ ಒತ್ತಿ, ಪಸೆ ಆರುವ ಮುನ್ನವೇ ಹಚ್ಚಿಬಿಡಿ. ಕೆಲವೇ ಹನಿ ಸಾಕು. ಸುಡು ನೀರಿನ ಸ್ನಾನವೂ ಬೇಡ, ಅದು ಚರ್ಮದ ಸಹಜ ಜಿಡ್ಡನ್ನು ತೆಗೆದುಬಿಡುತ್ತೆ.

ಇನ್ನು ಯಾವ ಎಣ್ಣೆ? ಕೈಕಾಲಿಗೆ ಕೊಬ್ಬರಿ ಎಣ್ಣೆ ಬಲು ಒಳ್ಳೆಯದು. ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತೆ. ಅಂಗೈಯಲ್ಲಿ ತಿಕ್ಕಿದರೆ ಕರಗುತ್ತೆ. ಮೊಡವೆ ಏಳುವ ಹುಡುಗಿಯರ ಮುಖಕ್ಕೆ ಮಾತ್ರ ಬೇಡ. ಕುಸುಬೆ, ಸೂರ್ಯಕಾಂತಿ ಎಣ್ಣೆಗಳಲ್ಲಿ ಸಾಮಾನ್ಯವಾಗಿ ಲಿನೋಲಿಯಿಕ್ ಆಮ್ಲ ಹೆಚ್ಚು. ಚರ್ಮದ ಮೇಲ್ಪದರ ಭದ್ರವಾಗಿರಲು ಬೇಕಾದದ್ದು ಅದೇ. ವಿಜಯಪುರ, ಕಲಬುರಗಿ ಕಡೆಯ ಸೋದರಿಯರಿಗೆ ಕುಸುಬೆ ಹೊಲದಲ್ಲೇ ಬೆಳೆಯುತ್ತಲ್ಲ! ದುಬಾರಿ ಆಲಿವ್ ಎಣ್ಣೆಯಲ್ಲಿ ಹೆಚ್ಚಿರುವುದು ಓಲಿಯಿಕ್ ಆಮ್ಲ. ಅದನ್ನು ಹಚ್ಚಿದಾಗ ಮೇಲ್ಪದರ ಸಡಿಲವಾದದ್ದು 2013ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ ಕಂಡುಬಂತು. ಎಳೆ ಕೂಸಿನ ಮೈಗೆ ಅದು ಬೇಡವೇ ಬೇಡ. ಯಾವ ಎಣ್ಣೆಯೇ ಆಗಲಿ, ಮೊದಲು ಮೂಸಿ ನೋಡಿ. ಕಮಟು ವಾಸನೆ ಬಂದಿದ್ದರೆ ಮೈಗೆ ಸೋಕಿಸಬೇಡಿ.

ಕೊನೆಯದಾಗಿ ಒಂದು ಮುಖ್ಯ ಮಾತು. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅತ್ತೆಯವರೋ ತಾಯಿಯೋ ಇದ್ದರೆ ದಿನಾ ರಾತ್ರಿ ಅವರ ಪಾದಗಳನ್ನು ಬೆಳಕಿಗೆ ಹಿಡಿದು ನೀವೇ ನೋಡಿ. ಪಾದದ ಸ್ಪರ್ಶ ಕಡಿಮೆಯಾದವರಿಗೆ ಬಿರುಕು ಗಾಯವಾದರೂ ನೋವೇ ತಿಳಿಯದು. ಹಿಮ್ಮಡಿಗೆ ಎಣ್ಣೆ ಹಚ್ಚಿ, ಬೆರಳ ಸಂದಿಗೆ ಬೇಡ. ಅಲ್ಲಿ ಪಸೆ ನಿಂತರೆ ಸೋಂಕು ತಗಲುತ್ತೆ. ಹಚ್ಚಿದ ಮೇಲೆ ಜಾರದಂತೆ ಕಾಲುಚೀಲ ಹಾಕಿಸಿ. ರಕ್ತವೋ ಕೀವೋ ಕಂಡರೆ “ನಾಳೆ ನೋಡೋಣ” ಅನ್ನಬೇಡಿ. ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟು ಅಂದೇ ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಆ ಒಂದು ದಿನದಲ್ಲಿ ಅವರ ಕಾಲು ಉಳಿದೀತು.