ಫೈಲ್ ಹಾಕಿಸುವ ಮೊದಲು ಟೈರಿನ ತಾರೀಕು ನೋಡಿ

ಹೋದ ಏಪ್ರಿಲ್‌ನ ಒಂದು ಮಧ್ಯಾಹ್ನ ನನ್ನ ಚಿಕ್ಕಮ್ಮನ ಮಗನ ಫೋನ್ ಬಂತು. "ಕಾಕಾ, ಗಾಡಿ ಎಳೀತಾ ಇಲ್ಲ. ಇಂಜಿನ್ ಲೈಟ್ ಮಿಣಿಮಿಣಿ ಅಂತ ಉಂಟು, ಎಂತ ಮಾಡುದು?" ಎಲ್ಲಿದ್ದೀಯಾ ಎಂದು ಕೇಳಿದೆ. ಕರ್ಮಲ್ ಘಾಟಿಯಲ್ಲಿ, ಕಾಣಕೋಣ ದಾಟಿ ಮಡಗಾಂವ್ ಕಡೆಗೆ ಹತ್ತುವ ತಿರುವಿನಲ್ಲಿ. ಬೆಳಿಗ್ಗೆ ಮಂಗಳೂರಿನಿಂದ ಹೊರಟು ಪಣಜಿಗೆ ನಮ್ಮ ಮನೆಗೆ ಬರುತ್ತಿದ್ದವನು. ಪಕ್ಕದಲ್ಲಿ ಹೆಂಡತಿ, ಹಿಂದೆ ಮೂರು ವರ್ಷದ ಮಗು ಮತ್ತು ಚಿಕ್ಕಮ್ಮ. ಲಾರಿಯೊಂದನ್ನು ಓವರ್‌ಟೇಕ್ ಮಾಡಿ ಮುಂದೆ ಹೋಗುವಷ್ಟರಲ್ಲಿ ಗಾಡಿ ಒಮ್ಮೆಲೇ ಸೋತಿತ್ತು. ಲಾರಿಯವನು ಎಚ್ಚರದಲ್ಲಿದ್ದ, ಅಲ್‌ಹಮ್ದುಲಿಲ್ಲಾಹ್.

ಬದಿಗೆ ನಿಲ್ಲಿಸು, ನಾಲ್ಕೂ ಇಂಡಿಕೇಟರ್ ಹಾಕು, ಎಲ್ಲರನ್ನೂ ಇಳಿಸಿ ನೆರಳಲ್ಲಿ ಕೂರಿಸು ಎಂದು ಹೇಳಿ, ಅಂಗಡಿಯನ್ನು ಉಪ್ಪನಿಗೆ ಬಿಟ್ಟು, ಸ್ಕ್ಯಾನರ್ ತೆಗೆದುಕೊಂಡು ಹೊರಟೆ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು. ಕುಟುಂಬದಲ್ಲಿ ಯಾರ ಗಾಡಿ ಕೆಮ್ಮಿದರೂ ಮೊದಲ ಫೋನ್ ನನಗೇ.

ಗಾಡಿ ಬಿಎಂಡಬ್ಲ್ಯೂ 330ಐ, ಸೆಕೆಂಡ್ ಹ್ಯಾಂಡ್. ದುಬೈಯಲ್ಲಿ ಆರು ವರ್ಷ ದುಡಿದು, ಬ್ಯಾಂಕ್ ಸಾಲ ಮಾಡದೆ, ರೊಕ್ಕ ಕೊಟ್ಟು ತೆಗೆದುಕೊಂಡದ್ದು. ಎರಡು ಲೀಟರಿನ ಟರ್ಬೊ ಪೆಟ್ರೋಲ್ ಇಂಜಿನ್, ಕಂಪನಿಯ ಲೆಕ್ಕದಲ್ಲೇ 258 ಹಾರ್ಸ್‌ಪವರ್, 400 ನ್ಯೂಟನ್ ಮೀಟರ್ ಟಾರ್ಕ್, ನೂರರ ವೇಗಕ್ಕೆ 5.8 ಸೆಕೆಂಡ್. ನನ್ನ ಅಭಿಪ್ರಾಯದಲ್ಲಿ ಕರಾವಳಿಯ ರಸ್ತೆಗೆ ಇದೇ ಬೇಕಾದ್ದಕ್ಕಿಂತ ಹೆಚ್ಚು. ಅವನಿಗೆ ಸಾಕಾಗಲಿಲ್ಲ. ಮಂಗಳೂರಿಗೆ ಬಂದ ಎರಡೇ ತಿಂಗಳಲ್ಲಿ ಒಬ್ಬ ಟ್ಯೂನರ್ ಹತ್ತಿರ ಹೋಗಿ 'ಸ್ಟೇಜ್ ಒನ್' ಫೈಲ್ ಹಾಕಿಸಿಕೊಂಡಿದ್ದ. ಈಗ 330 ಹಾರ್ಸ್‌ಪವರ್ ಉಂಟು ಎಂದು ಆ ಟ್ಯೂನರ್ ಹೇಳಿದ್ದನಂತೆ. ಡೈನೊ ಮೇಲೆ ಅಳೆದ ಕಾಗದ ಎಲ್ಲಿ ಎಂದರೆ ಇಲ್ಲ.

ಆ ದಿನ ಸ್ಕ್ಯಾನರ್ ತೋರಿಸಿದ್ದು ಎರಡು ಸಿಲಿಂಡರ್‌ಗಳಲ್ಲಿ ಮಿಸ್‌ಫೈರ್. ಪ್ಲಗ್ ಬಿಚ್ಚಿದರೆ ಗ್ಯಾಪ್ ಸವೆದು ಅಗಲವಾಗಿತ್ತು. ಹಿಂದಿನ ಯಜಮಾನ ಬದಲಿಸಿರಲಿಲ್ಲ, ಇವನು ನೋಡಿರಲಿಲ್ಲ, ಟ್ಯೂನರ್ ಕೇಳಿರಲಿಲ್ಲ. ಟರ್ಬೊ ಒತ್ತಡ ಹೆಚ್ಚಿಸಿದರೆ ಸಿಲಿಂಡರ್ ಒಳಗೆ ಗಾಳಿ ದಟ್ಟವಾಗುತ್ತದೆ, ಆ ದಟ್ಟ ಗಾಳಿಯನ್ನು ದಾಟಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಕಂಪನಿ ಸೆಟ್ಟಿಂಗ್‌ನಲ್ಲಿ ಹೇಗೋ ನಡೆಯುತ್ತಿದ್ದ ಹಳೆಯ ಪ್ಲಗ್, ಹೊಸ ಫೈಲ್‌ನಲ್ಲಿ, ಏಪ್ರಿಲ್ ಬಿಸಿಲಲ್ಲಿ, ಘಾಟಿ ಏರುವಾಗ ಕೈಕೊಟ್ಟಿತು. ಅಷ್ಟೇ ವಿಷಯ. ನಾಲ್ಕು ಪ್ಲಗ್‌ಗಾಗಿ ನಾಲ್ಕು ಜೀವ ರಸ್ತೆ ಮಧ್ಯೆ.

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ. ಚಿಕ್ಕಮ್ಮ ನಾಳೆಯೇ ಗಾಡಿ ಮಾರು ಎಂದರು. ಫೋನ್‌ನಲ್ಲಿ ಊರಿನ ಹಿರಿಯರೊಬ್ಬರು, ಇದೆಲ್ಲ ದುಡ್ಡಿನ ಕೊಬ್ಬು, ಇಂಜಿನ್‌ಗೆ ಕೈಹಾಕುವವರೆಲ್ಲ ಪೋಕ್ರಿಗಳು ಎಂದು ತೀರ್ಪು ಕೊಟ್ಟರು. ಹುಡುಗನ ದೋಸ್ತಿಗಳು ಇನ್ನೊಂದು ಕಡೆಯಿಂದ: ಫೈಲ್ ಸರಿ ಇಲ್ಲ, ಬೇರೆ ಟ್ಯೂನರ್ ಹತ್ತಿರ ಹೋಗು, ಸ್ಟೇಜ್ ಟೂ ಮಾಡಿಸು, ಡೌನ್‌ಪೈಪ್ ಹಾಕಿಸು. ನನಗೆ ಎರಡು ಗುಂಪಿನ ಮೇಲೂ ತಕರಾರು ಉಂಟು. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿರುವುದು.

ಮೊದಲು ಹುಡುಗರಿಗೆ. ಫೈಲ್ ಎಂದರೆ ಎಂತ ಎಂದು ತಿಳಿದುಕೊಂಡು ಹಾಕಿಸಿ. ಇಂಜಿನ್ ಕಂಟ್ರೋಲ್ ಯೂನಿಟ್ ಒಳಗೆ ಕೋಷ್ಟಕಗಳಿವೆ: ಇಷ್ಟು ಆರ್‌ಪಿಎಂನಲ್ಲಿ ಟರ್ಬೊ ಎಷ್ಟು ಒತ್ತಡ ಕೊಡಬೇಕು, ಎಷ್ಟು ಪೆಟ್ರೋಲ್ ಸಿಂಪಡಿಸಬೇಕು, ಕಿಡಿ ಎಷ್ಟು ಡಿಗ್ರಿ ಮೊದಲು ಹಾರಬೇಕು, ಟಾರ್ಕ್‌ಗೆ ಮಿತಿ ಎಷ್ಟು. ಟ್ಯೂನರ್ ಮಾಡುವುದು ಆ ಅಂಕಿಗಳನ್ನು ಬದಲಿಸುವುದು. ಕಂಪನಿ ಅಂಚು ಬಿಟ್ಟಿರುತ್ತದೆ ಎನ್ನುವುದು ಸುಳ್ಳಲ್ಲ. ಆದರೆ ಆ ಅಂಚು ಯಾಕೆ ಬಿಟ್ಟದ್ದು? ಕೆಟ್ಟ ಪೆಟ್ರೋಲ್‌ಗೆ, ಬಿಸಿಲಿಗೆ, ಸರ್ವಿಸ್ ಮರೆಯುವ ಯಜಮಾನನಿಗೆ, ಹತ್ತು ವರ್ಷದ ಸವೆತಕ್ಕೆ. ನೀವು ಆ ಅಂಚನ್ನು ಖರ್ಚು ಮಾಡಿ ಹಾರ್ಸ್‌ಪವರ್ ಕೊಂಡುಕೊಳ್ಳುತ್ತೀರಿ. ಉಪ್ಪನ ಅಂಗಡಿ ಭಾಷೆಯಲ್ಲಿ ಹೇಳುವುದಾದರೆ, ಬಂಡವಾಳದಿಂದ ತೆಗೆದು ಅದನ್ನು ಲಾಭ ಅನ್ನುವುದು.

ಪೆಟ್ರೋಲ್ ವಿಷಯವೇ ತೆಗೆದುಕೊಳ್ಳಿ. ಯುರೋಪಿನಲ್ಲಿ 98 ಆಕ್ಟೇನ್ ಪೆಟ್ರೋಲ್‌ಗೆಂದು ಬರೆದ ಫೈಲನ್ನೇ ಇಲ್ಲಿ ತಂದು ಹಾಕುವವರಿದ್ದಾರೆ. ನಮ್ಮಲ್ಲಿ ಬಿಎಸ್6 ಸಾದಾ ಪೆಟ್ರೋಲ್‌ನ ಕನಿಷ್ಠ ಮಟ್ಟ 91 ಇತ್ತು. ಎಥೆನಾಲ್ ಬೆರೆಸಿದ ಇ20 ಬಂದ ಮೇಲೆ ಆಕ್ಟೇನ್ ಏರಿದೆ ನಿಜ, ಆದರೆ ಲೀಟರಿಗೆ ಸಿಗುವ ಶಕ್ತಿ ಸ್ವಲ್ಪ ಕಡಿಮೆ. ಆಕ್ಟೇನ್ ಸಾಕಾಗದಿದ್ದರೆ ಕಿಡಿ ಹಚ್ಚಿದ ಜ್ವಾಲೆ ಮುಟ್ಟುವ ಮೊದಲೇ ಮಿಶ್ರಣದ ಒಂದು ಭಾಗ ತಾನಾಗಿ ಸಿಡಿಯುತ್ತದೆ, ಅದೇ ನಾಕಿಂಗ್. ನಾಕ್ ಸೆನ್ಸರ್ ಅದನ್ನು ಕೇಳಿ ಕಿಡಿಯನ್ನು ತಡ ಮಾಡಿಸುತ್ತದೆ, ಪವರ್ ಇಳಿಯುತ್ತದೆ. ಗೋವಾದ ಮೇ ತಿಂಗಳ ಸೆಕೆಯಲ್ಲಿ, ಪಣಜಿಯ ಸಿಗ್ನಲ್‌ಗಳಲ್ಲಿ ನಿಂತು ನಿಂತು ಇಂಟರ್‌ಕೂಲರ್ ಕಾದಿರುವಾಗಂತೂ ಕಾಗದದ ಮೇಲಿನ 330 ಎಲ್ಲಿಗೋ ಹೋಗಿರುತ್ತದೆ. ನಮ್ಮ ಹುಡುಗನನ್ನು ನಾನು ಕೇಳಿದೆ: ನಿನ್ನ ಫೈಲ್ ಯಾವ ಪೆಟ್ರೋಲ್‌ಗೆ ಬರೆದದ್ದು? ಅವನು ಟ್ಯೂನರ್‌ಗೆ ವಾಟ್ಸಾಪ್ ಮಾಡಿದ. ನೀಲಿ ಟಿಕ್ ಬಂತು, ಉತ್ತರ ಇವತ್ತಿನವರೆಗೂ ಬಂದಿಲ್ಲ.

ಇನ್ನು ಗಾಡಿಯ ಕೆಳಗೆ ಬಗ್ಗಿ ನೋಡಿದೆ. ಹಿಂದಿನ ಟೈರಿನ ಬದಿಯಲ್ಲಿ ನಾಲ್ಕು ಅಂಕಿ: 1119. ಅಂದರೆ 2019ರ ಹನ್ನೊಂದನೇ ವಾರದಲ್ಲಿ ತಯಾರಾದದ್ದು. ಈ ಗಾಡಿ ಹಿಂದಿನ ಚಕ್ರದಿಂದ ಓಡುವುದು. ಅಷ್ಟೂ ಹೊಸ ಟಾರ್ಕ್ ರಸ್ತೆಗೆ ಇಳಿಯಬೇಕಾದದ್ದು ಅಲ್ಲೇ ಗಟ್ಟಿಯಾಗಿ ಹೋದ ಆ ರಬ್ಬರಿನ ಮೂಲಕ. ಜೂನ್‌ನ ಮೊದಲ ಮಳೆ ಬಿದ್ದ ದಿನ ಇದು ಏನಾಗುತ್ತಿತ್ತು ಎಂದು ನಾನು ಚಿಕ್ಕಮ್ಮನ ಎದುರು ಹೇಳಲಿಲ್ಲ.

ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಎಂದು ದಾಖಲೆಯೇ ಇಲ್ಲ. ಇದು ಕರಾವಳಿಯವರು ವಿಶೇಷವಾಗಿ ತಿಳಿಯಬೇಕಾದ ವಿಷಯ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ನೀರು ಹೀರಿದ ಮೇಲೆ ಆ ಮಾನದಂಡವೇ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ವೇಗದ ಲೆಕ್ಕವೂ ಸರಳವಲ್ಲ. ನೂರರಿಂದ ನೂರನಲವತ್ತಕ್ಕೆ ಹೋದರೆ ವೇಗ ನಲವತ್ತು ಪಾಲು ಹೆಚ್ಚಿದಂತೆ ಕಾಣುತ್ತದೆ, ಬ್ರೇಕ್ ನುಂಗಬೇಕಾದ ಶಕ್ತಿ ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟು.

ಸಾಲದ್ದಕ್ಕೆ ಗೇರ್‌ಬಾಕ್ಸ್. ಎಂಟು ಗೇರಿನ ಜೆಡ್‌ಎಫ್ ಆಟೊಮ್ಯಾಟಿಕ್. ಜೀವಮಾನ ಪೂರ್ತಿ ಆಯಿಲ್ ಬದಲಿಸಬೇಕಿಲ್ಲ ಎನ್ನುವ ಮಾತು ಮಾರುಕಟ್ಟೆಯಲ್ಲಿ ಉಂಟು. ಆದರೆ ತಯಾರಿಸಿದ ಜೆಡ್‌ಎಫ್‌ನವರೇ 80,000ದಿಂದ 1,20,000 ಕಿಲೋಮೀಟರಿನೊಳಗೆ ಬದಲಿಸಿ ಎನ್ನುತ್ತಾರೆ.

ಡೌನ್‌ಪೈಪ್ ವಿಷಯದಲ್ಲಿ ನನಗೆ ಮುಲಾಜಿಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಹಾಕುವುದು, ಡೀಸೆಲ್ ಗಾಡಿಯಲ್ಲಿ ಡಿಪಿಎಫ್ ಕಿತ್ತು ಹಾಕುವುದು, ಪಟಪಟ ಸದ್ದಿಗೆಂದು ಸೈಲೆನ್ಸರ್‌ನಲ್ಲಿ ಪೆಟ್ರೋಲ್ ಸುಡುವ ಫೈಲ್ ಹಾಕಿಸುವುದು, ಈ ಮೂರನ್ನೂ ನಾನು ಟ್ಯೂನಿಂಗ್ ಎಂದು ಕರೆಯುವುದಿಲ್ಲ. ಮೊನ್ನೆ ಒಂದು ಮದುವೆಯಲ್ಲಿ ಪುದಿಯಾಪ್ಲೆಯ ಗಾಡಿಯ ಹಿಂದೆ ನಾಲ್ಕು ಕಾರು ಹೀಗೇ ಸಿಡಿಯುತ್ತಾ ಬಂದವು. ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರೊಬ್ಬರಿದ್ದರು. ನೆರೆಯವರ ಹಕ್ಕಿನ ಬಗ್ಗೆ ಪ್ರತಿ ಜುಮಾದಲ್ಲಿ ಕೇಳುವವರು ನಾವು.

ಕಾನೂನನ್ನೂ ಒಮ್ಮೆ ನೋಡಿಕೊಳ್ಳಿ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕೇರಳದ ಒಂದು ಪ್ರಕರಣದಲ್ಲಿ, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ ಎಂದು ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಶಬ್ದ ಮತ್ತು ಹೊಗೆಯ ನಿಯಮ ಮುರಿದರೆ 10,000ದವರೆಗೆ ದಂಡ, ಮೂರು ತಿಂಗಳು ಲೈಸೆನ್ಸ್ ಅಮಾನತು. ಫೈಲ್ ಕಣ್ಣಿಗೆ ಕಾಣುವುದಿಲ್ಲ, ಪೊಲೀಸರು ಹಿಡಿಯುವುದಿಲ್ಲ ಎನ್ನುತ್ತೀರಿ. ಸರಿ. ಆದರೆ ಅಪಘಾತವಾದ ದಿನ ಇನ್ಶೂರೆನ್ಸ್ ಸರ್ವೇಯರ್‌ಗೆ ಕಾಣಬಹುದು. ತಿಳಿಸದೆ ಮಾಡಿದ ಬದಲಾವಣೆ ಸಿಕ್ಕಿದರೆ ನಿಮ್ಮ ಗಾಡಿಯ ಹಾನಿಯ ಕ್ಲೇಮು ತಕರಾರಿಗೆ ಬೀಳುತ್ತದೆ. ವಾರಂಟಿಯದ್ದೂ ಅದೇ ಕಥೆ. ಆ ಕಾಗದಪತ್ರ ಹಿಡಿದುಕೊಂಡು ಆಫೀಸಿನಿಂದ ಆಫೀಸಿಗೆ ಅಲೆಯುವುದು ನೀವಲ್ಲ, ನಿಮ್ಮ ಉಪ್ಪ ಅಥವಾ ನಿಮ್ಮ ಹೆಂಡತಿ.

2023ರ ಆಗಸ್ಟ್‌ನಲ್ಲಿ ಇಲ್ಲೇ ಹತ್ತಿರ, ಪಣಜಿ–ಫೋಂಡಾ ದಾರಿಯ ಬಾಣಸ್ತಾರಿ ಸೇತುವೆಯಲ್ಲಿ, ಒಂದು ದುಬಾರಿ ಎಸ್‌ಯುವಿ ಎದುರಿನ ವಾಹನಗಳಿಗೆ ನುಗ್ಗಿ ಮೂರು ಜನ ತೀರಿಹೋದರು. ಆ ಮೇಲೆ ಕೆಲವು ವಾರ ಗೋವಾದಲ್ಲಿ ಎಲ್ಲಿ ಹೋದರೂ ಅದೇ ಮಾತು. ನಮ್ಮ ಅಂಗಡಿಗೆ ಬರುವ ಗಿರಾಕಿಗಳು ಉಪ್ಪನ ಹತ್ತಿರ ಅದನ್ನೇ ಹೇಳುತ್ತಿದ್ದರು. ಅಟಲ್ ಸೇತು, ಹೊಸ ಝುವಾರಿ ಸೇತುವೆ, ಅಗಲವಾದ ಹೆದ್ದಾರಿ, ಇವೆಲ್ಲ ಬಂದ ಮೇಲೆ ಕಾಲು ತಾನಾಗಿ ಒತ್ತುತ್ತದೆ, ನನ್ನ ಕಾಲೂ ಒತ್ತುತ್ತದೆ. ಆದರೆ ಅಗಲದ ರಸ್ತೆ ಎಲ್ಲೋ ಒಂದು ಕಡೆ ಮುಗಿದು, ಮೀನಿನ ಬುಟ್ಟಿ ಕಟ್ಟಿದ ಸ್ಕೂಟರಿನ ಬೆನ್ನಿಗೇ ನಮ್ಮನ್ನು ತಂದು ನಿಲ್ಲಿಸುತ್ತದೆ.

ಈಗ ಹಿರಿಯರಿಗೆ ಎರಡು ಮಾತು. ಪೋಕ್ರಿ ಎಂದು ಬೈಯುವ ಮೊದಲು ಆ ಹುಡುಗನ ಫೋನ್ ನೋಡಿ. ನನ್ನ ಚಿಕ್ಕಮ್ಮನ ಮಗ ಪಿಯುಸಿಯಲ್ಲಿ ಫಿಸಿಕ್ಸ್ ಫೇಲ್ ಆದವನು. ಆ ರಾತ್ರಿ ಊಟ ಆದ ಮೇಲೆ ನನ್ನ ಎದುರು ಕೂತು ಬೂಸ್ಟ್ ಒತ್ತಡ, ಒಳಹೋಗುವ ಗಾಳಿಯ ಉಷ್ಣತೆ, ಕಿಡಿಯ ಡಿಗ್ರಿ ಇವುಗಳ ಗ್ರಾಫ್ ತೆಗೆದು, ಮೂರನೇ ಗೇರಿನಲ್ಲಿ ಎಲ್ಲಿ ಇಂಜಿನ್ ಹಿಂದೆ ಸರಿಯುತ್ತದೆ ಎಂದು ಬೆರಳಿಟ್ಟು ತೋರಿಸಿದ. ನನಗೆ ಡಿಪ್ಲೊಮಾದಲ್ಲಿ ಮೂರು ಸೆಮಿಸ್ಟರ್ ಹಿಡಿದದ್ದು ಅವನು ಪ್ರೀತಿಯಿಂದ ಒಂದೇ ವರ್ಷದಲ್ಲಿ ಕಲಿತಿದ್ದಾನೆ. ಅವನು ಕಲಿಯದೆ ಬಿಟ್ಟದ್ದು ಪ್ಲಗ್ ಬಿಚ್ಚುವುದು, ಟೈರಿನ ತಾರೀಕು ಓದುವುದು. ಅದು ಅವನ ಕೊಬ್ಬಲ್ಲ. ಹೇಳಿಕೊಡುವವರು ಇರಲಿಲ್ಲ, ಅಷ್ಟೆ.

ನಮ್ಮವರು ಮಂಗಳೂರಿನಲ್ಲೂ ಕೊಲ್ಲಿಯಲ್ಲೂ ಗ್ಯಾರೇಜ್, ಸ್ಪೇರ್ ಪಾರ್ಟ್ಸ್, ಟೈರ್ ಅಂಗಡಿ ನಡೆಸಿ ಬದುಕಿದವರು. ಈಗಿನ ಗಾಡಿಯಲ್ಲಿ ಸ್ಪಾನರ್‌ನಷ್ಟೇ ಲ್ಯಾಪ್‌ಟಾಪ್ ಬೇಕು. ಆ ಕೆಲಸ ಗೊತ್ತಿರುವ ಹುಡುಗನಿಗೆ ನಾಳೆ ಊಟಕ್ಕೆ ತೊಂದರೆ ಇಲ್ಲ. ಮಹಲ್ಲಾದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತೇವೆ, ಕೌನ್ಸೆಲಿಂಗ್ ಮಾಡುತ್ತೇವೆ. ರಜೆಯಲ್ಲಿ ಹತ್ತು ಹುಡುಗರನ್ನು ಒಂದು ಒಳ್ಳೆಯ ಗ್ಯಾರೇಜಿಗೆ ಕರೆದುಕೊಂಡು ಹೋಗಿ ಡಯಾಗ್ನಾಸ್ಟಿಕ್ ಕಲಿಸಿದರೆ ಏನು ಕಡಿಮೆಯಾಗುತ್ತದೆ? ವೇಗದ ಹುಚ್ಚು ಇಳಿಯದಿದ್ದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಉಂಟು, ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿ ಟ್ರ್ಯಾಕ್ ಉಂಟು. ಹೆಲ್ಮೆಟ್ ಹಾಕಿಕೊಂಡು ಅಲ್ಲಿ ಓಡಿಸಲಿ. ಒಂದು ದಿನ ಟ್ರ್ಯಾಕಿನಲ್ಲಿ ಓಡಿಸಿದವನಿಗೆ ತನ್ನ ಬ್ರೇಕ್ ಎಷ್ಟು ಬೇಗ ಸೋಲುತ್ತದೆ ಎಂದು ಗೊತ್ತಾಗುತ್ತದೆ.

ಫೈಲ್ ಹಾಕಿಸಲೇಬಾರದು ಎಂದು ನಾನು ಹೇಳಿದ್ದರೆ ಅವನು ನನ್ನ ಮಾತು ಕೇಳುತ್ತಿರಲಿಲ್ಲ. ಆದ್ದರಿಂದ ಒಂದು ಒಪ್ಪಂದ ಮಾಡಿಕೊಂಡೆವು. ಮೊದಲು ಕಂಪನಿಯ ಮೂಲ ಫೈಲ್ ವಾಪಸ್. ಅದಾಯಿತು. ಆಮೇಲೆ ಪ್ಲಗ್, ಕೂಲೆಂಟ್, ಬ್ರೇಕ್ ಆಯಿಲ್, ಪ್ಯಾಡ್, ನಾಲ್ಕು ಟೈರ್, ಗೇರ್‌ಬಾಕ್ಸ್ ಆಯಿಲ್. ಖರ್ಚು ಕೂಡಿಸಿದರೆ ಫೈಲಿಗೆ ಕೊಟ್ಟದ್ದಕ್ಕಿಂತ ಜಾಸ್ತಿಯೇ ಆಯಿತು, ಅದನ್ನು ಅವನೇ ಚೀಟಿಯಲ್ಲಿ ಬರೆದು ನೋಡಿ ಸುಮ್ಮನಾದ. ಒಂದು ಮಳೆಗಾಲ ಹೀಗೇ ಓಡಿಸಬೇಕು, ಪ್ರತಿ ತಿಂಗಳು ಲಾಗ್ ತೆಗೆದು ನನಗೆ ಕಳಿಸಬೇಕು. ಅದಾದ ಮೇಲೂ 258 ಸಾಲದು ಅನ್ನಿಸಿದರೆ ಕೂತು ಮಾತಾಡುವ ಎಂದಿದ್ದೇನೆ.

ಮೊನ್ನೆ ಸೆಪ್ಟೆಂಬರಿನ ಲಾಗ್ ಕಳಿಸಿದ್ದಾನೆ. ಮಿಸ್‌ಫೈರ್ ಸೊನ್ನೆ. ಕೆಳಗೊಂದು ಸಾಲು: "ಕಾಕಾ, ಹೊಸ ಟೈರ್ ಹಾಕಿದ ಮೇಲೆ ಗಾಡಿಯೇ ಬೇರೆ ಆಗಿದೆ, ನೀವು ಮೊದಲೇ ಯಾಕೆ ಹೇಳಲಿಲ್ಲ?" ಮುಂದಿನ ವಾರ ಚಿಕ್ಕಮ್ಮನನ್ನು ಕರೆದುಕೊಂಡು ಮತ್ತೆ ಪಣಜಿಗೆ ಬರುತ್ತಾನಂತೆ. ಚಿಕ್ಕಮ್ಮ ಮಾತ್ರ ರೈಲಿನಲ್ಲಿ ಬರುತ್ತೇನೆ ಎಂದು ಹಟ ಹಿಡಿದಿದ್ದಾರೆ.