ಒಂದು ಸಾಲಿನ ಕಮಾಂಡ್, 412 ಹೆಸರು

‘ನನ್ನ ಹೆಸರಿನ ನಡುವೆ ಈ ‘ಇ’ ಯಾವಾಗ ಸೇರಿಕೊಂಡಿತೋ ಮಾರಾಯ?’ ಕಳೆದ ಸೆಮಿಸ್ಟರ್‌ನಲ್ಲಿ ಒಂದು ಬೆಳಿಗ್ಗೆ ಸೀನಿಯರ್ ಒಬ್ಬರು ಫೋನ್ ಮಾಡಿ ಹೀಗೆ ಕೇಳಿದಾಗ ನಾನಿನ್ನೂ ಹಾಸಿಗೆಯಲ್ಲಿದ್ದೆ. ಮಾತು ಮುಗಿಯುವುದರೊಳಗೆ ನಿದ್ದೆ ಹಾರಿಹೋಯಿತು.

ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗದಲ್ಲಿ ನಾನೊಬ್ಬ ಸ್ವಯಂಸೇವಕ. ಹಿಂದಿನ ರಾತ್ರಿ ಅಂತಿಮ ವರ್ಷದ 412 ಜನರ ಪಟ್ಟಿ ನನ್ನ ಕೈಗೆ ಬಂದಿತ್ತು. ಬ್ರಾಂಚ್ ಕಾಲಂನಲ್ಲಿ ‘ಐಎಸ್’ ಎಂದಿದ್ದ ಕಡೆ ‘ಐಎಸ್‌ಇ’ ಎಂದು ತಿದ್ದಿ ಕಂಪನಿಗೆ ಕಳಿಸಬೇಕಿತ್ತು. ಒಂದೊಂದಾಗಿ ಯಾರು ತಿದ್ದುತ್ತಾರೆ? ಲ್ಯಾಪ್‌ಟಾಪ್‌ನಲ್ಲಿ ಟರ್ಮಿನಲ್ ತೆರೆದು ‘ಸೆಡ್’ ಕಮಾಂಡ್ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದೆ. ಕ್ಷಣದಲ್ಲಿ ಕೆಲಸ ಮುಗಿಯಿತು. ಫೈಲ್ ತೆರೆದೂ ನೋಡದೆ ಮೇಲ್ ಮಾಡಿ ಮೆಸ್‌ಗೆ ಊಟಕ್ಕೆ ಹೋದೆ.

ಕಂಪ್ಯೂಟರ್ ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸಿತ್ತು. ಕೃಷ್ಣ, ಹರೀಶ್, ಸತೀಶ್, ಇಸ್ಮಾಯಿಲ್ ಎಂದು ಇಂಗ್ಲಿಷ್‌ನಲ್ಲಿ ಬರೆದು ನೋಡಿ. ಎಲ್ಲದರಲ್ಲೂ ‘ಐ’ ಪಕ್ಕದಲ್ಲೇ ‘ಎಸ್’ ಇದೆ. ಎಲ್ಲರಿಗೂ ಒಂದೊಂದು ‘ಇ’ ಉಚಿತವಾಗಿ ಸಿಕ್ಕಿತ್ತು. ಅದಕ್ಕಿಂತ ದೊಡ್ಡ ಅನಾಹುತ ಯುಎಸ್‌ಎನ್‌ನಲ್ಲಿ ಆಗಿತ್ತು. ಹತ್ತು ಅಕ್ಷರಗಳ ಆ ನಂಬರಿನೊಳಗೂ ಬ್ರಾಂಚ್ ಕೋಡ್ ಇರುತ್ತದಲ್ಲ? ಇನ್ಫರ್ಮೇಷನ್ ಸೈನ್ಸ್‌ನವರ ಯುಎಸ್‌ಎನ್‌ಗಳೆಲ್ಲ ಹನ್ನೊಂದು ಅಕ್ಷರವಾಗಿದ್ದವು. ಕಂಪನಿಯ ಪೋರ್ಟಲ್ ಅವನ್ನು ತಿರಸ್ಕರಿಸಿತ್ತು. ಹನ್ನೊಂದು ಗಂಟೆಗೆ ಆನ್‌ಲೈನ್ ಪರೀಕ್ಷೆ. ಆ ಬ್ರಾಂಚಿನ ಒಬ್ಬರಿಗೂ ಲಿಂಕ್ ಬಂದಿರಲಿಲ್ಲ.

ಫೈಲ್ ಸರಿಪಡಿಸಲು ಮತ್ತೊಂದು ಸಾಲಿನ ಕಮಾಂಡ್ ಸಾಕಾಯಿತು. ಆದರೆ ಕಳಿಸಿದ ಮೇಲ್ ವಾಪಸ್ ಬರಲಿಲ್ಲ. ಪ್ಲೇಸ್‌ಮೆಂಟ್ ಆಫೀಸರ್ ಹತ್ತಾರು ಕರೆ ಮಾಡಿ ವಿನಂತಿಸಿದ ಮೇಲೆ ಮಧ್ಯಾಹ್ನ ಅವರಿಗೆ ಪರೀಕ್ಷೆ ನಡೆಯಿತು. ಬರೆದು ಹೊರಬಂದ ಅಕ್ಕ ಒಬ್ಬರು, ‘ನಾಲ್ಕು ತಿಂಗಳು ಓದಿದ್ದೀನಿ ಕಣೋ, ಒಂದಕ್ಷರಕ್ಕೆ ಎಲ್ಲ ಹೋಗ್ತಿತ್ತಲ್ಲ’ ಎಂದರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಹಾಗಾದರೆ ಇಂಥ ಶಾರ್ಟ್‌ಕಟ್ ಬೇಡವೇ? ಬೇಕು, ಖಂಡಿತ ಬೇಕು. ಸೆಡ್ ಹುಟ್ಟಿದ್ದು 1970ರ ದಶಕದಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಬರೆದವರು ಲೀ ಮೆಕ್‌ಮಹೋನ್. ಅದೇ ಲ್ಯಾಬ್‌ನಲ್ಲಿ 1977ರಲ್ಲಿ ಬಂದ ‘ಆಕ್’ಗೆ ಅದನ್ನು ರೂಪಿಸಿದ ಆಹೊ, ವೈನ್‌ಬರ್ಗರ್, ಕರ್ನಿಘನ್ ಮೂವರ ಹೆಸರಿನ ಮೊದಲಕ್ಷರಗಳೇ ಹೆಸರಾದವು. ಐವತ್ತು ವರ್ಷದ ಹತ್ತಿರದ ಈ ಉಪಕರಣಗಳು ಇಂದಿಗೂ ಸರ್ವರ್‌ಗಳಲ್ಲಿ ದುಡಿಯುತ್ತಿವೆ. ಉಚಿತವಾಗಿ ಸಿಗುತ್ತವೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ. ಕೆಲಸ ಹುಡುಕುವವರು ಕಲಿಯಲೇಬೇಕಾದ ವಿದ್ಯೆ ಇದು.

ತಪ್ಪು ಉಪಕರಣದ್ದಲ್ಲ. ಸೆಡ್ ತನ್ನಷ್ಟಕ್ಕೆ ಫೈಲ್ ಅನ್ನು ಮುಟ್ಟುವುದೇ ಇಲ್ಲ; ತಿದ್ದಿದರೆ ಹೇಗೆ ಕಾಣುತ್ತದೆ ಎಂದು ಪರದೆಯ ಮೇಲೆ ತೋರಿಸುತ್ತದೆ, ಅಷ್ಟೆ. ಮೈನಸ್ ‘ಐ’ ಸೇರಿಸಿದರೆ ಮಾತ್ರ ಫೈಲ್ ಬದಲಾಗುತ್ತದೆ. ಅದರ ಜೊತೆಗೆ ಡಾಟ್ ‘ಬ್ಯಾಕ್’ ಎಂದು ಬರೆದರೆ ಹಳೆಯ ಪ್ರತಿಯೂ ಉಳಿಯುತ್ತದೆ. ಆಕ್ ಬಳಸಿದ್ದರೆ ಬ್ರಾಂಚ್ ಕಾಲಂ ಒಂದನ್ನೇ ತಿದ್ದಬಹುದಿತ್ತು. ಕಳಿಸುವ ಮುನ್ನ ‘ಡಿಫ್’ ಹಾಕಿದ್ದರೆ ಬದಲಾದ ಪ್ರತಿ ಸಾಲೂ ಕಣ್ಣ ಮುಂದೆ ಇರುತ್ತಿತ್ತು. ಇಷ್ಟಕ್ಕೂ ಎರಡು ನಿಮಿಷ ಸಾಕಿತ್ತು.

ನಮ್ಮ ಲ್ಯಾಬ್‌ನಲ್ಲಿ ಇದನ್ನು ಯಾರೂ ಅಭ್ಯಾಸ ಮಾಡಿಸಲಿಲ್ಲ, ನಾವೂ ಕೇಳಲಿಲ್ಲ. ವೈವಾದಲ್ಲಿ ‘ಸೆಡ್ ಎಂದರೆ ಸ್ಟ್ರೀಮ್ ಎಡಿಟರ್’ ಎಂದರೆ ಮಾರ್ಕ್ಸ್; ಔಟ್‌ಪುಟ್ ಬಂದರೆ ರೆಕಾರ್ಡ್‌ಗೆ ಸಹಿ. ಆ ಔಟ್‌ಪುಟ್ ಸರಿಯೇ ಎಂದು ಪರೀಕ್ಷಿಸುವುದಕ್ಕೂ ಅಂಕ ಇರಬೇಕು ಎಂಬುದು ನನ್ನ ಅಭಿಪ್ರಾಯ. ಈಗಂತೂ ಎಐ ಕೇಳಿದರೆ ಕಮಾಂಡ್ ತಾನೇ ಬರೆದುಕೊಡುತ್ತದೆ. ಬರೆಯುವುದು ಸುಲಭವಾದಷ್ಟೂ ಓದಿ ನೋಡುವವರ ಜವಾಬ್ದಾರಿ ಹೆಚ್ಚುತ್ತದೆ.

ಕೈಯಲ್ಲಿ ತಿದ್ದುವಾಗ ತಪ್ಪಿದರೆ ಒಂದು ಹೆಸರು ಕೆಡುತ್ತದೆ. ಸ್ಕ್ರಿಪ್ಟ್ ತಪ್ಪಿದರೆ ಪಟ್ಟಿಗೆ ಪಟ್ಟಿಯೇ ಕೆಡುತ್ತದೆ. ಸ್ಕ್ರಿಪ್ಟ್ ಉಳಿಸುವುದು ಕೈಯ ಶ್ರಮವನ್ನು ಮಾತ್ರ, ಕಣ್ಣಿನ ಕೆಲಸವನ್ನಲ್ಲ.

ಗೆಳೆಯರೇ, ಶೆಲ್ ಸ್ಕ್ರಿಪ್ಟ್ ಕಲಿಯಿರಿ, ಧೈರ್ಯವಾಗಿ ಬಳಸಿ. ಎಂಟರ್ ಒತ್ತುವ ಮುನ್ನ ಒಂದು ಪ್ರತಿ ಇಟ್ಟುಕೊಳ್ಳಿ, ಒತ್ತಿದ ಮೇಲೆ ಒಮ್ಮೆ ತೆರೆದು ನೋಡಿ. ನಮಗೆ ಅದು ಫೈಲಿನ ಒಂದು ಸಾಲು. ಆ ಸಾಲಿನಲ್ಲಿರುವವರಿಗೆ ಅದು ನಾಲ್ಕು ತಿಂಗಳ ಓದು.